ಸಂಘಗಳಿಗೆ ಬರವಿಲ್ಲ, ಒಗ್ಗಟ್ಟಿಗೆ ಬರ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸುತ್ತಮುತ್ತ ಸಂಘಗಳಿಗೆ ಬರವಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘ, ನೀರು ಬಳಕೆದಾರರ ಸಹಕಾರ ಸಂಘ, ಪತ್ತಿನ ಸಂಘ, ಸ್ತ್ರೀಶಕ್ತಿ ಗುಂಪು, ಸಂಜೀವಿನಿ ಒಕ್ಕೂಟ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘ. ಇವೆಲ್ಲವುಗಳ ಹಿಂದೆ ನಿಜವಾದ ಶ್ರಮವಿದೆ, ಒಳ್ಳೆಯ ಉದ್ದೇಶವಿದೆ. ಆದರೂ ಒಂದೇ ಊರಿನಲ್ಲಿ, ಅದೇ ಮನೆಗಳ ನಡುವೆ ಕೆಲಸ ಮಾಡುವ ಈ ಸಂಘಗಳು ಒಂದೆಡೆ ಕೂತು ಮಾತಾಡುವುದು ಅಪರೂಪ. ನಮ್ಮ ಸಮುದಾಯ ಸಂಸ್ಥೆಗಳ ದೊಡ್ಡ ದೌರ್ಬಲ್ಯ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಗೆದ್ದಿರುವ ಮಾದರಿಯನ್ನು ನೋಡೋಣ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಂತರೆ ಸಾಕು. ಹೆಣ್ಣುಮಗಳೊಬ್ಬಳು ಕ್ಯಾನು ತಂದು ಸುರಿಯುತ್ತಾಳೆ. ಅಳತೆಯಾಗುತ್ತದೆ, ಸ್ಯಾಂಪಲ್ ಯಂತ್ರಕ್ಕೆ ಹೋಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎಷ್ಟೆಂದು ಎದುರಿಗೇ ಕಾಣುತ್ತದೆ, ಚೀಟಿ ಕೈಗೆ ಬರುತ್ತದೆ. ಅನುಮಾನ ಬಂದರೆ ಅಲ್ಲೇ ಕೇಳಬಹುದು. ಆ ಹಾಲು ಊರಿನ ಸಂಘದಿಂದ ಶಿವಮೊಗ್ಗದ ಹಾಲು ಒಕ್ಕೂಟವಾದ ಶಿಮುಲ್‌ಗೆ ಸೇರುತ್ತದೆ. ರಾಜ್ಯಮಟ್ಟದಲ್ಲಿ ಇಂಥ ಒಕ್ಕೂಟಗಳನ್ನೆಲ್ಲ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಬೆಸೆಯುತ್ತದೆ. ಮೂರು ಹಂತಕ್ಕೂ ಬೇರೆ ಬೇರೆ ಕೆಲಸ, ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುವುದಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಜಿಲ್ಲೆಯ ಗಡಿ ಬದಲಾದರೂ ಹಾಲಿನ ವ್ಯವಸ್ಥೆ ಕದಲಲಿಲ್ಲ. ಹಂಚಿಕೊಂಡ ಹೊಣೆ ಮತ್ತು ಕಣ್ಣೆದುರಿನ ಲೆಕ್ಕ ಅದನ್ನು ಹಿಡಿದು ನಿಲ್ಲಿಸಿವೆ.

ನೀರಿನ ವಿಷಯಕ್ಕೆ ಬಂದರೆ ಚಿತ್ರವೇ ಬೇರೆ. 2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಂಘಗಳಿಗೆ ಕಾನೂನಿನ ಬಲ ಕೊಡಲಾಯಿತು. ಊರಮಟ್ಟದ ಸಂಘ, ಅದರ ಮೇಲೆ ವಿತರಣಾ ನಾಲೆಯ ಒಕ್ಕೂಟ, ಯೋಜನಾ ಮಟ್ಟದ ಒಕ್ಕೂಟ, ರಾಜ್ಯಮಟ್ಟದ ಮಹಾಮಂಡಲ: ಕಾಗದದ ಮೇಲೆ ಇದು ಹಾಲಿನ ವ್ಯವಸ್ಥೆಗಿಂತಲೂ ಅಚ್ಚುಕಟ್ಟು. ಸಂಘ ನೀರನ್ನು ಅಳತೆಯ ಮೇಲೆ ಪಡೆಯಬೇಕು, ಹಂಚಬೇಕು, ಕರ ವಸೂಲಿ ಮಾಡಬೇಕು. ಆದರೆ ನಮ್ಮ ಭಾಗದ ಭದ್ರಾ ಅಚ್ಚುಕಟ್ಟಿನಲ್ಲಿ ಅನೇಕ ಸಂಘಗಳು ನೋಂದಣಿಯ ಆಚೆಗೆ ಬೆಳೆಯಲಿಲ್ಲ. ತೂಬಿನಲ್ಲಿ ಎಷ್ಟು ನೀರು ಬಂತೆಂದು ಅಳೆಯದೆ ಹಂಚುವುದು ಹೇಗೆ? ಮೇಲ್ಭಾಗದಲ್ಲಿ ಅಡಿಕೆ ತೋಟ ಹಬ್ಬಿದೆ, ನಾಲೆಗೆ ಅಕ್ರಮ ಪಂಪ್‌ಸೆಟ್ ಇಳಿದಿವೆ, ಕೊನೆಯ ಭಾಗದ ಭತ್ತದ ಗದ್ದೆಗೆ ನೀರು ತಲುಪುವುದಿಲ್ಲ. ಕೊನೆಯಂಚಿನ ಸಂಘ ಎಷ್ಟೇ ಪ್ರಾಮಾಣಿಕವಾಗಿದ್ದರೂ ಮೇಲಿನ ಊರಿನ ಸಂಘದ ಜೊತೆ ಒಪ್ಪಂದವಿಲ್ಲದೆ ಒಂದು ಹನಿಯನ್ನೂ ತರಲಾರದು. 2023ರ ಬರದಲ್ಲಿ ನಾಲೆಗೆ ನೀರು ಬಿಡುವ, ನಿಲ್ಲಿಸುವ ಪ್ರಶ್ನೆಗೆ ರೈತರು ಬೀದಿಗಿಳಿಯಬೇಕಾಯಿತು. ಒಕ್ಕೂಟಗಳು ಜೀವಂತವಾಗಿದ್ದಿದ್ದರೆ ಮೇಲ್ಭಾಗದವರೂ ಕೊನೆಯಂಚಿನವರೂ ಮೊದಲೇ ಎದುರುಬದುರು ಕೂರುತ್ತಿದ್ದರು. ಕೊರತೆಯ ನೀರನ್ನು ಹಂಚಿಕೊಳ್ಳುವ ಮಾತು ಬೀದಿಯಲ್ಲಿ ಬಗೆಹರಿಯುವುದಿಲ್ಲ.

ಹಾಲಿಗೆ ದುಡ್ಡು ಬರುತ್ತದೆ, ನೀರಿಗೆ ಬರುವುದಿಲ್ಲ, ಹೋಲಿಕೆ ಸರಿಯಲ್ಲ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಆದರೆ ದುಡ್ಡು ಓಡಾಡುವ ಮಹಿಳಾ ಗುಂಪುಗಳಲ್ಲೂ ಇದೇ ಕಾಯಿಲೆ ಇದೆ. ಒಬ್ಬಳೇ ತಾಯಿ ಒಂದು ದಿನ ಒಂದು ಗುಂಪಿನ ಪುಸ್ತಕಕ್ಕೆ ಸಹಿ ಹಾಕುತ್ತಾಳೆ, ಮರುದಿನ ಇನ್ನೊಂದರ ಕಂತು ಕಟ್ಟುತ್ತಾಳೆ, ನಡುವೆ ಖಾಸಗಿ ಫೈನಾನ್ಸಿನವರು ಬಾಗಿಲಿಗೆ ಬರುತ್ತಾರೆ. ಒಬ್ಬರ ಸಾಲ ತೀರಿಸಲು ಇನ್ನೊಬ್ಬರ ಸಾಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂತು. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಊರಿನ ಗುಂಪುಗಳು ಪರಸ್ಪರ ಮಾತಾಡಿಕೊಂಡಿದ್ದರೆ ಎಷ್ಟೋ ಮನೆಗಳ ಹೊರೆ ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಒಗ್ಗಟ್ಟಿನ ಫಲವೇನೆಂಬುದಕ್ಕೆ ಮಳೆ ಕಡಿಮೆಯ ಜಗಳೂರಿನಲ್ಲೇ ಉದಾಹರಣೆಯಿದೆ. ತುಂಗಭದ್ರೆಯ ನೀರನ್ನು ಹರಿಹರದ ಕಡೆಯಿಂದ ಎತ್ತಿ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ಸಿರಿಗೆರೆ ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಬೆನ್ನುಬಿಡದೆ ಒತ್ತಾಸೆಯಾಗಿ ನಿಂತರು. ಮಠ, ರೈತರು, ಸರ್ಕಾರ ಒಂದೇ ದಿಕ್ಕಿಗೆ ನಡೆದಾಗ ಆಗುವ ಕೆಲಸ ಇದು. ಆದರೆ ಪೈಪಿನಲ್ಲಿ ನೀರು ಬಂದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ. ಏರಿಯ ಜಾಲಿ ಕಡಿಯುವವರು ಯಾರು, ಒತ್ತುವರಿ ತಡೆಯುವವರು ಯಾರು, ತೂಬು ಕಾಯುವವರು ಯಾರು? ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ರಾಜ್ಯದಲ್ಲಿ ಕಟ್ಟಿದ ಕೆರೆ ಬಳಕೆದಾರರ ಸಂಘಗಳಲ್ಲಿ ಅನೇಕವು ಅನುದಾನ ನಿಂತ ಮೇಲೆ ಸೊರಗಿದವು. ಆ ಪಾಠವನ್ನು ಜಗಳೂರು ಮರೆಯಬಾರದು.

ಹಾಗಾದರೆ ಏನು ಮಾಡಬೇಕು? ಎಲ್ಲ ಸಂಘಗಳನ್ನು ಸೇರಿಸಿ ಒಂದೇ ಮಾಡುವುದು ಪರಿಹಾರವಲ್ಲ. ಅದರಿಂದ ಇನ್ನೊಂದು ಅಧ್ಯಕ್ಷಗಿರಿಯ ಜಗಳ ಹುಟ್ಟುತ್ತದೆ. ಪ್ರತಿ ಸಂಘವೂ ತನ್ನ ಕೆಲಸ ಉಳಿಸಿಕೊಳ್ಳಲಿ. ಗ್ರಾಮ ಪಂಚಾಯಿತಿ ತಿಂಗಳಿಗೊಮ್ಮೆ ಎಲ್ಲ ಸಂಘಗಳ ಕಾರ್ಯದರ್ಶಿಗಳನ್ನು ಕರೆದು ಕೂರಿಸಲಿ. ಯಾವ ಕೆಲಸ ಯಾರದೆಂದು ಅಲ್ಲೇ ಬರೆದುಕೊಳ್ಳಲಿ. ಸದಸ್ಯರ ಒಪ್ಪಿಗೆ ಪಡೆದು ಮಹಿಳಾ ಗುಂಪುಗಳು ಸಾಲದ ಹೊರೆಯನ್ನು ಒಟ್ಟಾಗಿ ನೋಡಲಿ. ಒಂದೇ ನಾಲೆಯ ಮೇಲಿನ ಮತ್ತು ಕೊನೆಯ ಸಂಘಗಳು ಹಂಗಾಮಿಗೆ ಮುಂಚೆಯೇ ಸರದಿ ಒಪ್ಪಿಕೊಳ್ಳಲಿ, ತೂಬಿನ ಅಳತೆಯನ್ನು ಹಾಲಿನ ಚೀಟಿಯಂತೆ ಎಲ್ಲರಿಗೂ ಕಾಣುವ ಹಾಗೆ ಹಾಕಲಿ. ಬೆಳೆ ಮತ್ತು ನೀರಿನ ಲೆಕ್ಕಕ್ಕೆ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನೂ ಕರೆಯಲಿ.

ಇದಕ್ಕೆ ಹೊಸ ಯೋಜನೆ, ಹೊಸ ಕಟ್ಟಡ ಬೇಕಿಲ್ಲ. ಓದುಗರಲ್ಲಿ ಸಂಘದ ಪದಾಧಿಕಾರಿಗಳಿದ್ದರೆ ನನ್ನದೊಂದು ವಿನಂತಿ: ನಿಮ್ಮ ಮುಂದಿನ ಸಭೆಗೆ ಪಕ್ಕದ ಸಂಘದವರನ್ನು ಕರೆಯಿರಿ, ನಿಮ್ಮ ಲೆಕ್ಕದ ಪುಸ್ತಕವನ್ನು ಅವರ ಮುಂದೆ ತೆರೆದಿಡಿ.