ದಡದಲ್ಲಿ ನಿಂತವರು

ಸಂತೇಬೆನ್ನೂರಿನ ಹೊಂಡದ ಮೆಟ್ಟಿಲ ಮೇಲೆ ಕೂತು ‘ಚೋಮನ ದುಡಿ’ಯನ್ನು ಮೂರನೇ ಸಲ ಓದಿ ಮುಗಿಸಿದೆ. ಎದುರಿಗೆ ವಸಂತ ಮಂಟಪ, ಸುತ್ತ ನೀರು. ಆ ನೀರು ನೋಡುತ್ತಿದ್ದಂತೆ ಕಾದಂಬರಿಯ ನಾಯಕ ಚೋಮನ ಕಿರಿಯ ಮಗ ನೀಲ ಕಣ್ಮುಂದೆ ಬಂದ. ಹೊಳೆಯಲ್ಲಿ ಹುಡುಗ ಮುಳುಗುತ್ತಿದ್ದಾನೆ, ದಡದಲ್ಲಿ ಜನರಿದ್ದಾರೆ. ಆದರೆ ನೀಲ ಮುಟ್ಟಬಾರದ ಜಾತಿಯವನು. ನೀರಿಗಿಳಿಯಲು ಹೊರಟ ಬ್ರಾಹ್ಮಣ ತರುಣನನ್ನೂ ಜೊತೆಯವರು ತಡೆಯುತ್ತಾರೆ. ನೀಲ ಸಾಯುತ್ತಾನೆ.

ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಇದರ ಜೊತೆಗೇ ನನಗೆ ನೆನಪಾಗುವ ಹಾರ್ಪರ್ ಲೀ ಅವರ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ 1960ರದ್ದು. ಅದರ ಕತೆ ನಡೆಯುವುದೂ ಮೂವತ್ತರ ದಶಕದಲ್ಲೇ, ಅಮೆರಿಕದ ಅಲಬಾಮಾದಲ್ಲಿ. ಅಲ್ಲಿ ಸುಳ್ಳು ಆರೋಪ ಹೊತ್ತ ಕಪ್ಪು ವರ್ಣದ ಟಾಮ್ ರಾಬಿನ್ಸನ್ನನ ಪರ ವಾದಿಸಲು ಆಟಿಕಸ್ ಫಿಂಚ್ ಎಂಬ ಬಿಳಿಯ ವಕೀಲನಿದ್ದಾನೆ. ಅವನಿಗೂ ಟಾಮ್‌ನನ್ನು ಉಳಿಸಲಾಗುವುದಿಲ್ಲ. ಆದರೂ ಓದುವವರಿಗೆ ಒರಗಲು ಒಂದು ಹೆಗಲು ಸಿಗುತ್ತದೆ. ಕಾರಂತರು ಆ ಹೆಗಲನ್ನು ಕೊಡಲಿಲ್ಲ. ನನ್ನ ಮಟ್ಟಿಗೆ ಚೋಮನ ಕತೆಯೇ ಹೆಚ್ಚು ನಿಜ.

ಧಣಿ ಸಂಕಪ್ಪಯ್ಯನವರನ್ನೇ ನೋಡಿ. ಕೆಟ್ಟವರಲ್ಲ. ಬೇಸಾಯಕ್ಕೆ ತುಂಡು ನೆಲ ಬೇಕೆಂದು ಚೋಮ ಬೇಡಿದಾಗ ಮನಸ್ಸು ಕರಗುತ್ತದೆ. ಅವರ ತಾಯಿ ಬೇಡವೆಂದರು, ಅಲ್ಲಿಗೆ ಮುಗಿಯಿತು. ಅವರ ಮರುಕ ಜಗಲಿ ಇಳಿಯಲೇ ಇಲ್ಲ. ಚೋಮನಲ್ಲಿ ಎತ್ತುಗಳಿವೆ, ಉಳಲು ನೆಲವಿಲ್ಲ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಗ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಮಗ ಗುರುವ ಕ್ರೈಸ್ತನಾಗುತ್ತಾನೆ, ಮಗಳು ಬೆಳ್ಳಿ ಆ ಸಾಲಕ್ಕೆ ಮೈಯನ್ನೇ ತೆತ್ತು ಬರುತ್ತಾಳೆ.

ಈ ಕಾದಂಬರಿಯನ್ನು ಆಧರಿಸಿದ ಬಿ.ವಿ. ಕಾರಂತರ ಸಿನಿಮಾ ತೆರೆಗೆ ಬಂದು ಸ್ವರ್ಣಕಮಲ ಪಡೆದ ಕಾಲಕ್ಕೆ ಉಳುವವನೇ ಹೊಲದೊಡೆಯನೆಂಬ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಜಾರಿಯಾಗಿತ್ತು. ಅದು ಗೇಣಿದಾರನಿಗೆ ನೆಲ ಕೊಟ್ಟಿತು. ಚೋಮ ಗೇಣಿದಾರನೂ ಅಲ್ಲ, ಬರೀ ಆಳು. ಆ ಕಾನೂನಿನಲ್ಲೂ ಅವನಿಗೆ ಹೊಲ ಸಿಗುತ್ತಿರಲಿಲ್ಲ. ನಮ್ಮ ಚನ್ನಗಿರಿ ಸೀಮೆಯ ಅಡಿಕೆ ತೋಟಗಳಲ್ಲಿ ಗೊನೆ ಇಳಿಸುವವರನ್ನು ಕಂಡಾಗಲೆಲ್ಲ ಪಹಣಿಯಲ್ಲಿ ಯಾರ ಹೆಸರಿದೆಯೆಂದು ಕೇಳಬೇಕೆನಿಸುತ್ತದೆ.

ತಕರಾರೂ ಇದೆ. ಬೆಳ್ಳಿಯ ನೋವು ಹೆಚ್ಚಾಗಿ ಅಪ್ಪನ ಸೋಲಾಗಿಯೇ ನಮಗೆ ಮುಟ್ಟುತ್ತದೆ. ಅವಳ ಒಳಗಿನ ಮಾತು ಸಾಲದು. ಚೋಮನ ಸಿಟ್ಟು ಯಾರ ಬಾಗಿಲನ್ನೂ ತಟ್ಟದೆ, ಮುಚ್ಚಿದ ಗುಡಿಸಿಲಲ್ಲಿ ಅವನು ಬಾರಿಸುವ ದುಡಿಯ ಜೊತೆ ಸತ್ತುಹೋಗುತ್ತದೆ. ಆ ಕೊನೆ ನನ್ನನ್ನು ಪ್ರತಿ ಸಲ ಅಳಿಸಿದೆ. ಆದರೆ ಒಪ್ಪಲು ನನಗಿನ್ನೂ ಆಗಿಲ್ಲ.

ಹೊಳೆಗಿಳಿಯಲು ಹೊರಟಿದ್ದ ಆ ತರುಣನ ವಿಷಯ ಮಾತ್ರ ಮನಸ್ಸಿನಿಂದ ಹೋಗದು. ಅವನು ಒಂದು ಹೆಜ್ಜೆ ಇಟ್ಟಿದ್ದ. ಅಂದು ರಾತ್ರಿ ಮನೆಯಲ್ಲಿ ಉಂಡನೋ ಇಲ್ಲವೋ, ಕಾದಂಬರಿ ಅವನ ಹಿಂದೆ ಹೋಗುವುದಿಲ್ಲ.