ಕಾಕನಕೋಟೆಯಿಂದ ಹೊರಟ ಅಲೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕಿದರೆ ಒಲೆಯ ಮುಂದೆ ರಾತ್ರಿಯಿಡೀ ಒಬ್ಬರು ಎಚ್ಚರವಿರಬೇಕು. ಕಾವು ಏರುಪೇರಾದರೆ ಸೊಪ್ಪು ಕೆಟ್ಟಂತೆಯೇ. ಆ ಸರದಿ ನನಗೆ ಬಂದ ರಾತ್ರಿಗಳಲ್ಲಿ ಜೊತೆಗಿದ್ದದ್ದು ಒಂದು ಟೇಪ್‌ರೆಕಾರ್ಡರ್, ನಾಲ್ಕಾರು ಕ್ಯಾಸೆಟ್. ‘ನಿತ್ಯೋತ್ಸವ’ ಇತ್ತು, ‘ಮೈಸೂರು ಮಲ್ಲಿಗೆ’ ಇತ್ತು. ಓದು ಬರಹ ಬಾರದ ನಮ್ಮ ದೊಡ್ಡಪ್ಪ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯ ಗುನುಗುತ್ತಾ ಒಲೆಗೆ ಸೌದೆ ಒಡ್ಡುತ್ತಿದ್ದರು. 1942ರಲ್ಲಿ ಪುಸ್ತಕವಾಗಿ ಬಂದ ಕವಿತೆಗಳು ಅವರ ಬಾಯಿಗೆ ಬಂದದ್ದು ಸಿ. ಅಶ್ವತ್ಥರ ಧಾಟಿಯಿಂದ. ಸುಗಮ ಸಂಗೀತವನ್ನು ಹಗುರವೆಂದು ತಳ್ಳಿಹಾಕುವ ಪಂಡಿತರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕವಿತೆಗೆ ರಾಗ ಹಾಕಿ ಹಾಡುವುದು ಹೊಸತೇನಲ್ಲ, ಪಿ. ಕಾಳಿಂಗರಾಯರು ಬಹಳ ಮೊದಲೇ ಅದನ್ನು ಊರೂರಿಗೆ ಕೊಂಡೊಯ್ದಿದ್ದರು. ಹೊಸ ಅಲೆ ಎದ್ದದ್ದು ಕ್ಯಾಸೆಟ್ಟಿನಿಂದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ಅನಂತಸ್ವಾಮಿಯವರ ಹೆಚ್ಚುಗಾರಿಕೆ ಸಂಯಮದಲ್ಲಿದೆ. ಮಾತು ಎಲ್ಲಿ ನಿಲ್ಲುತ್ತದೋ ರಾಗವೂ ಅಲ್ಲೇ ನಿಲ್ಲುತ್ತದೆ. ಸ್ವರದ ಆಸೆಗೆ ಅವರು ಪದವನ್ನು ಎಳೆದು ಮುರಿಯುವುದಿಲ್ಲ. ಬ್ಯಾರನ್ನಿನ ಒಲೆಯ ಸದ್ದಿನ ನಡುವೆಯೂ ಒಂದೊಂದು ಅಕ್ಷರ ಕೇಳುತ್ತಿತ್ತು.

ಆದರೂ ಈ ಅಲೆಯ ಕಸುವು ತಿಳಿಯಬೇಕಾದರೆ ಒಂದು ವರ್ಷ ಹಿಂದಕ್ಕೆ, ಹೆಗ್ಗಡದೇವನಕೋಟೆಯ ಕಾಡಿಗೆ ಹೋಗಬೇಕು. ಕಾಕನಕೋಟೆ ಎಂದರೆ ಹೊರಗಿನವರಿಗೆ ಆನೆ ಹಿಡಿಯುವ ಖೆಡ್ಡಾ, 1971ರದ್ದೇ ಕೊನೆಯದು. ಅದೇ ಕಾಡಿನ ಹೆಸರಿನಲ್ಲಿ ಮಾಸ್ತಿ ಬರೆದ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಚಲನಚಿತ್ರ ಮಾಡಿದರು. ಅಶ್ವತ್ಥ್ ಸಂಗೀತ ನಿರ್ದೇಶಕರಾದದ್ದು ಆ ಚಿತ್ರದಿಂದ. ಅದರ ಹಾಡುಗಳಲ್ಲಿ ಗುಂಪಿನ ದನಿ ಇದೆ, ಕುಣಿಯುವ ಕಾಲಿನ ಲಯ ಇದೆ. ಮಾದೇಶ್ವರನ ಪರಿಷೆಗೆ ನಡೆದುಹೋಗುವವರ ಉಸಿರಾಟ ನನಗೆ ಅಲ್ಲಿ ಕೇಳಿಸುತ್ತದೆ. ಮುಂದೆ ಶಿಶುನಾಳ ಶರೀಫರ ಪದಗಳನ್ನು ಎದೆ ಬಿಚ್ಚಿ, ದನಿ ಒಡೆದರೂ ಲೆಕ್ಕಿಸದೆ ಅಶ್ವತ್ಥ್ ಹಾಡಿದರಲ್ಲ, ಆ ಧೈರ್ಯದ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಆಮೇಲೆ ಬಂದವರು ಆ ಒರಟನ್ನು ಬಿಟ್ಟು ಬರೀ ಇಂಪನ್ನು ಹಿಡಿದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೊಳಲಿನ ಒಂದು ಮುನ್ನುಡಿ, ತಬಲದ ಒಂದು ನಡೆ, ವಿರಹವಾದರೆ ಇಂಥದೇ ರಾಗ ಎಂಬ ಕಟ್ಟುಪಾಡು ಬಂತು. ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು, ಕಂಸಾಳೆಯವರು ನಮ್ಮ ಪಕ್ಕದಲ್ಲೇ ಇದ್ದರೂ ಅವರಿಂದ ಇವರು ಕಲಿತದ್ದು ಕಡಿಮೆ. ಕಂಸಾಳೆ ಬಂದರೂ ನಡುವೆ ಒಮ್ಮೆ ಝಣ್ ಎಂದು ಹೋಗುವ ಅಲಂಕಾರವಾಗಿ ಬಂತು. ನವ್ಯದ ಮುರುಕು ಸಾಲುಗಳನ್ನಂತೂ ಹೆಚ್ಚು ಜನ ಮುಟ್ಟಲಿಲ್ಲ. ಹಾಡಲು ಒದಗುವ ಕವಿತೆಯೇ ಕವಿತೆ ಎಂಬ ಭಾವನೆ ಬೆಳೆಯಿತು. ಇದು ಆದ ನಷ್ಟ.

ಇನ್ನೊಂದು ಸಂಕಟ ನನ್ನದೇ. ನರಸಿಂಹಸ್ವಾಮಿಯವರ ಪುಸ್ತಕ ತೆರೆದರೆ ಕಣ್ಣಿಗಿಂತ ಮೊದಲು ಅಶ್ವತ್ಥರ ಧಾಟಿ ಓಡುತ್ತದೆ. ಪದ್ಯದ ಒಳಗಿನ ಬಡತನ, ಅಂಜಿಕೆ ಆ ಇಂಪಿನ ಹಿಂದೆ ಮರೆಯಾಗುತ್ತವೆ. ರಾಗ ಹಾಕುವುದೆಂದರೆ ಒಂದು ಅರ್ಥವನ್ನು ಆರಿಸಿಕೊಂಡು ಉಳಿದವನ್ನು ಬಿಡುವುದೂ ಹೌದು. ನಾಡಗೀತೆಯ ವಿಷಯದಲ್ಲಿ ಆದದ್ದೂ ಇದೇ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರದೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರದನ್ನು ಒಪ್ಪಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದಿತು. ರಾಗ ಹಾಕಿದವನ ಹೆಸರು ಹಿಡಿದು ಒಂದು ರಾಜ್ಯವೇ ವಾದ ಮಾಡಿತಲ್ಲ, ಈ ಅಲೆಯ ಪ್ರಭಾವಕ್ಕೆ ಬೇರೆ ಸಾಕ್ಷಿ ಬೇಡ. ಕೆ.ಆರ್. ನಗರದ ಶಾಲೆಯ ಅಂಗಳದಲ್ಲಿ ಮಕ್ಕಳು ಅದನ್ನು ಹಾಡುವಾಗ ಮಾತು ಸ್ಪಷ್ಟವಾಗಿ ಕೇಳುತ್ತದೆ. ಆ ಧಾಟಿ ಗೆದ್ದದ್ದು ನನಗೆ ಸರಿಯೆನಿಸಿದೆ.

ಹೊಸದಾಗಿ ಹಾಡಲು ಹೊರಟ ನಮ್ಮ ಕಡೆಯ ಹುಡುಗರು ಯಾವುದನ್ನು ಮೊದಲು ಕೇಳಲಿ ಎಂದರೆ ನಾನು ‘ಕಾಕನಕೋಟೆ’ ಅನ್ನುತ್ತೇನೆ, ‘ನಿತ್ಯೋತ್ಸವ’ ಆಮೇಲೆ. ಹೇಗೆ ಹದವಾಗಿ ಹಾಡಬೇಕೆಂದು ಕಲಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಕೊರಳು ಬಿಟ್ಟು ಕೂಗುವುದನ್ನು ಕಲಿಸುವವರು ಈಗ ಕಾಣುವುದಿಲ್ಲ.