ಫೋಲ್ಡರುಗಳ ಕಾಲನಿರ್ದೇಶ

ಸಕಲೇಶಪುರ, ಆಲೂರುಗಳ ಕಾಫಿ ತೋಟದ ಚೆಕ್‌ರೋಲು, ಮಳೆಯ ಲೆಕ್ಕ, ಗಿಡಗಳ ಛಾಯಾಚಿತ್ರ ಇವೆಲ್ಲ ಗಣಕಯಂತ್ರವನ್ನು ಸೇರಿದ ಮೇಲೆ, ದಿನದಿನದ ದಾಖಲೆಗೂ ಪ್ರತ್ಯೇಕವಾದೊಂದು ಫೋಲ್ಡರನ್ನು ತೆರೆದು ಅಂದಿನ ದಿನಾಂಕವನ್ನೇ ಅದಕ್ಕೆ ಹೆಸರಾಗಿಡುವ ಕಾರ್ಯವನ್ನು ನಾಲ್ಕು ಸಾಲಿನ ಬ್ಯಾಚ್ ಫೈಲಿಗೆ ಒಪ್ಪಿಸುವುದು ಸ್ತುತ್ಯವಾದ ಪದ್ಧತಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಹೆಸರು ವರ್ಷದಿಂದ ಮೊದಲಾಗತಕ್ಕದ್ದು. ದಿನವನ್ನು ಮುಂದಿಟ್ಟರೆ, ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳೂ ಒಂದೆಡೆ ಗುಂಪುಗೂಡಿ, ಮಾರ್ಚಿ ತಿಂಗಳ ಹೂಮಳೆಯ ಪಕ್ಕದಲ್ಲಿ ಡಿಸೆಂಬರಿನ ಕೊಯ್ಲು ಬಂದು ಕೂರುವುದು. ವರ್ಷ, ಮಾಸ, ದಿನವೆಂಬ ಅನುಕ್ರಮವನ್ನು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು 1988ರಲ್ಲಿ ವಿಧಿಸಿತು. ಆದರೆ ಅಂದು ಮಂಜರಾಬಾದೆಂದು ಹೆಸರಾಗಿದ್ದ ಸಕಲೇಶಪುರ ತಾಲ್ಲೂಕಿನ ಶಾಸನಗಳನ್ನೂ ಒಳಗೊಂಡು 1902ರಲ್ಲಿ ಬಿ. ಎಲ್. ರೈಸರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವನ್ನು ತೆರೆದವರು, ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರವೆಂದು ಹಿರಿದರಿಂದ ಕಿರಿದಕ್ಕೆ ಇಳಿಯುವ ಕ್ರಮವು ನಮ್ಮ ಕಲ್ಲುಗಳಲ್ಲಿ ಎಂದೋ ನೆಲೆಗೊಂಡಿದ್ದುದನ್ನು ಕಾಣುವರು.

ಬ್ಯಾಚ್ ಫೈಲಿನ ಮುಖ್ಯದೋಷವು, ಗಣಕಯಂತ್ರದಲ್ಲಿ ಯಾವ ದೇಶದ ಪದ್ಧತಿಯನ್ನು ಇರಿಸಿದೆಯೋ ಆ ರೂಪದ ದಿನಾಂಕವನ್ನೇ ಅದು ಅಕ್ಷರ ಎಣಿಸಿ ಕತ್ತರಿಸಿಕೊಳ್ಳುವುದು. ಭಾರತದ ಪದ್ಧತಿಯಲ್ಲಿ 05-04-2024 ಎಂದಿರುವಾಗ ಮೊದಲ ಆರು ಅಕ್ಷರಗಳನ್ನು ಬಿಟ್ಟು ಮುಂದಿನ ನಾಲ್ಕನ್ನು ಕೊಂಡರೆ ವರ್ಷ ದೊರೆಯುವುದು ಸರಿಯೇ; ಅದೇ ಫೈಲನ್ನು, ವಾರದ ಹೆಸರನ್ನು ಮೊದಲಿಡುವ ಅಮೆರಿಕದ ಪದ್ಧತಿಯ ಹೊಸ ಯಂತ್ರಕ್ಕೆ ಒಯ್ದರೆ, ವರ್ಷದ ಸ್ಥಾನದಲ್ಲಿ ಎರಡು ಓರೆಗೆರೆಗಳ ನಡುವೆ ಸಿಕ್ಕಿದ ದಿನಸಂಖ್ಯೆಯು ಬರುವುದು, ಓರೆಗೆರೆಯಾದರೋ ಫೋಲ್ಡರಿನ ಹೆಸರಿನಲ್ಲಿ ನಿಷಿದ್ಧ. ದಿನಾಂಕವನ್ನು ಪವರ್‌ಶೆಲ್ಲಿನಿಂದ ಬೇಕಾದ ರೂಪದಲ್ಲಿಯೇ ಕೇಳಿ ಪಡೆದರೆ ಈ ತೊಡಕು ಪರಿಹಾರವಾಗುವುದು.

ಇದರಿಂದ ಪರಿಹಾರವಾಗದ ದೋಷವೊಂದುಂಟು, ನನ್ನ ಆಕ್ಷೇಪಣೆಯೆಲ್ಲ ಅದರ ಮೇಲೆಯೇ. ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಈ ಗುಡ್ಡಗಳಲ್ಲಿ ಅದು ಮರಳುವುದಕ್ಕೆ ದಿನಗಳೇ ಹಿಡಿಯಬಹುದು. ತೋಟದ ರೈಟರು ಪ್ರತಿದಿನ ಬೆಳಗ್ಗೆ 8.30ಕ್ಕೆ ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಟ್ಟ ಮಳೆಯನ್ನೆಲ್ಲ ಯಂತ್ರ ತೆರೆದ ದಿನ ಏರಿಸಿದಾಗ, ಬ್ಯಾಚ್ ಫೈಲು ಅಷ್ಟಕ್ಕೂ ಆ ಒಂದೇ ದಿನದ ಮುದ್ರೆಯನ್ನೊತ್ತುವುದು. ಹೂಮಳೆಯ ಕಾಲದಲ್ಲಿ ಈ ವ್ಯತ್ಯಾಸವು ಅಲ್ಪವಲ್ಲ. ಹೂವಾದ ಎರಡು ಮೂರು ವಾರಗಳೊಳಗೆ ಮತ್ತೊಂದು ಮಳೆ ಬಾರದಿದ್ದರೆ ಸ್ಪ್ರಿಂಕ್ಲರನ್ನು ಹೂಡಬೇಕೇ ಎಂಬ ನಿರ್ಣಯವು ಆ ತಾರೀಖನ್ನೇ ಅವಲಂಬಿಸಿರುವುದು. ಆದಕಾರಣ, ಇಂದಿನ ದಿನಾಂಕವನ್ನು ತಾನೇ ಮುಂದೆ ಹಿಡಿದು, ಬೇರೆ ದಿನವಾದರೆ ಬರೆಯಿರೆಂದು ಕೇಳಿ, ಉತ್ತರ ಬಂದ ಮೇಲೆಯೇ ಫೋಲ್ಡರು ತೆರೆಯುವ ಬ್ಯಾಚ್ ಫೈಲನ್ನೇ ನಾನು ಈ ತೋಟಗಳಿಗೆ ಯೋಗ್ಯವೆಂದು ಎಣಿಸುವೆನು.